ಡೀಸೆಲ್ ಫಿಲ್ಟರಿನ ಜಾಗ ಬದಲಿಸುವ ಮುನ್ನ

ತೋಟಗಾರನಿಗೆ ಟ್ರ್ಯಾಕ್ಟರ್ ವರ್ಷವಿಡೀ ಬೇಕಾಗುವುದಿಲ್ಲ. ಬೇಕಾದ ದಿನ ಮಾತ್ರ ಬೇಕೇ ಬೇಕು. ಫೆಬ್ರವರಿ-ಮಾರ್ಚಿನಲ್ಲಿ ಕಾಫಿಯ ಹೂವಿಗೆ ತುಂತುರು ನೀರು ಕೊಡುವಾಗ, ಮಳೆಗಾಲಕ್ಕೆ ಮುನ್ನ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವಾಗ ಎಂಜಿನ್ ನಿಂತರೆ ನಷ್ಟವು ರಿಪೇರಿ ಖರ್ಚಿಗೆ ಮುಗಿಯುವುದಿಲ್ಲ, ಫಸಲಿಗೇ ತಟ್ಟುತ್ತದೆ. ಹೀಗೆ ನಿಲ್ಲುವುದಕ್ಕೆ ಅನೇಕ ಸಲ ಕಾರಣ ಡೀಸೆಲಿನಲ್ಲಿ ಸೇರಿದ ನೀರು, ಕಸ ಅಥವಾ ಪೈಪಿನಲ್ಲಿ ಹಿಡಿದ ಗಾಳಿ. ಈ ಮೂರಕ್ಕೂ ಫಿಲ್ಟರಿಗೂ ಸಂಬಂಧವಿದೆ. ಫಿಲ್ಟರ್ ಕೈಗೆ ಎಟುಕುವುದಿಲ್ಲ, ಬೇರೆ ಕಡೆ ಕೂರಿಸಿದರೆ ಹೇಗೆ ಎಂದು ಯೋಚಿಸುವ ಬೆಳೆಗಾರರಿಗೆ ಕೆಲವು ವಿಷಯಗಳನ್ನು ತಿಳಿಸಬಯಸುತ್ತೇವೆ.

ಟ್ರ್ಯಾಕ್ಟರಿನ ನಿಜವಾದ ಪರೀಕ್ಷೆ ನಡೆಯುವುದು ಬಯಲುಸೀಮೆಯಲ್ಲಿ. ಕೃಷ್ಣಾ-ತುಂಗಭದ್ರೆಯರ ನಡುವಿನ ರಾಯಚೂರು ಸೀಮೆಯನ್ನೇ ನೋಡೋಣ. ಮಾನ್ವಿ ಕಡೆಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ದೇವದುರ್ಗದ ಕಡೆಗೆ ನಾರಾಯಣಪುರ ಬಲದಂಡೆ ಕಾಲುವೆಯ ನೀರು. ಭತ್ತದ ಗದ್ದೆಯಲ್ಲಿ ಕಬ್ಬಿಣದ ಗಾಲಿ ಹಾಕಿ ಕೆಸರು ಕಲಸಬೇಕು. ಎರೆಹೊಲವನ್ನು ಬೇಸಿಗೆಯ ಧೂಳಿನಲ್ಲಿ ಉಳಬೇಕು. ಹತ್ತಿಯನ್ನು ಟ್ರೈಲರಿನಲ್ಲಿ ಹೇರಿ ರಾಯಚೂರು ನಗರದ ಮಾರುಕಟ್ಟೆಗೆ ಒಯ್ಯಬೇಕು. ಬಿಸಿಲು 40 ಡಿಗ್ರಿ ದಾಟುತ್ತದೆ. ಕೆಸರು, ಧೂಳು, ಕಾವು ಮೂರನ್ನೂ ತಡೆದು ನಿಲ್ಲಬೇಕಾದ ಫಿಲ್ಟರ್ ಅಲ್ಲಿಯದು. ನಮ್ಮಲ್ಲಿ ಧೂಳು ಕಡಿಮೆ, ತೇವ ಹೆಚ್ಚು. ಶೆಡ್ಡಿನಲ್ಲಿಟ್ಟ ಅರ್ಧ ತುಂಬಿದ ಬ್ಯಾರಲಿನೊಳಗೆ ಗಾಳಿಯ ತೇವ ನೀರಾಗಿ ಇಳಿಯುತ್ತದೆ. ಶತ್ರು ಬೇರೆ, ಕಾವಲು ಒಂದೇ.

ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಡೀಸೆಲ್ ಟ್ಯಾಂಕಿನಿಂದ ಫೀಡ್ ಪಂಪಿಗೆ, ಅಲ್ಲಿಂದ ಮೊದಲ ಫಿಲ್ಟರಿಗೆ, ಬಳಿಕ ಎರಡನೆಯದಕ್ಕೆ, ಕೊನೆಗೆ ಇಂಜೆಕ್ಷನ್ ಪಂಪಿಗೆ ಹೋಗುತ್ತದೆ. ಈ ಕೊನೆಯ ಪಂಪನ್ನು ನಮ್ಮವರು ಇಂದಿಗೂ ‘ಮೈಕೋ ಪಂಪು’ ಎನ್ನುವುದುಂಟು. 1951ರಲ್ಲಿ ಆರಂಭವಾದ ಆ ಕಂಪನಿಗೆ 2008ರಿಂದ ಬಾಷ್ ಎಂದು ಹೆಸರು. ಪಂಪಿನೊಳಗಿನ ಪ್ಲಂಜರಿನ ಸಂದು ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಪಾಲು. ಅದಕ್ಕೆ ಜಿಡ್ಡು ಒದಗಿಸುವುದೂ ಡೀಸೆಲೇ. ಕಣ್ಣಿಗೆ ಕಾಣದ ಕಸ ಅದನ್ನು ಗೀರುತ್ತದೆ, ನೀರು ತುಕ್ಕು ಹಿಡಿಸುತ್ತದೆ. ಆದ್ದರಿಂದ ಫಿಲ್ಟರ್ ಎಲ್ಲಿಗೆ ಹೋದರೂ ಈ ಸಾಲು ಮಾತ್ರ ಕದಲಬಾರದು.

ಜಾಗ ಬದಲಿಸಲು ಸರಿಯಾದ ಕಾರಣಗಳು ಕೆಲವೇ: ಸೈಲೆನ್ಸರಿನ ಕಾವು ತಗಲುವುದು, ಕೂಳೆ ಅಥವಾ ಕೊಂಬೆ ಬಡಿಯುವುದು, ಅಡಿಯ ತಿರುಪು ಬಿಚ್ಚಿ ನೀರು ತೆಗೆಯಲು ಕೈ ಹೋಗದಿರುವುದು. ಕೊಂಬೆ ಬಡಿಯುವುದಷ್ಟೇ ತೊಂದರೆಯಾದರೆ ಒಂದು ತಗಡಿನ ಮರೆ ಸಾಕು.

ಬದಲಿಸಲೇಬೇಕಾದರೆ ಹೊಸ ಜಾಗವು ಟ್ಯಾಂಕಿನ ತಳಕ್ಕಿಂತ ಕೆಳಗೆ, ಸೈಲೆನ್ಸರಿನಿಂದ ದೂರ ಇರಲಿ. ಅಡಿಯಲ್ಲಿ ಬಟ್ಟಲು ಹಿಡಿಯುವಷ್ಟು ತೆರವಿರಲಿ. ಬಾನೆಟ್ಟಿನ ತಗಡಿಗೆ ಅಥವಾ ಮಡ್‌ಗಾರ್ಡಿಗೆ ಕಟ್ಟಬಾರದು. ಅದುರಿ ಅದುರಿ ಪೈಪು ಸೀಳುತ್ತದೆ. ದಪ್ಪ ಕಬ್ಬಿಣದ ಪಟ್ಟಿ ಮಾಡಿಸಿ, ಎಂಜಿನ್ನಿನ ಮೈಯಲ್ಲಿ ಖಾಲಿ ಇರುವ ಬೋಲ್ಟಿನ ತೂತಿಗೆ ಬಿಗಿಯತಕ್ಕದ್ದು. ಹೆಡ್ಡಿನ ಬೋಲ್ಟುಗಳನ್ನು ಮುಟ್ಟಬಾರದು. ಟ್ರ್ಯಾಕ್ಟರಿನ ಮೇಲೆಯೇ ವೆಲ್ಡಿಂಗ್ ಬೇಡ. ಪಟ್ಟಿಯನ್ನು ಹೊರಗೆ ಮಾಡಿಸಿ ತರುವುದೇ ಕ್ಷೇಮ.

ಪೈಪು ಮೊದಲಿನಷ್ಟೇ ಅಗಲದ್ದಾಗಿರಬೇಕು, ಆದಷ್ಟು ಗಿಡ್ಡವಾಗಿರಬೇಕು. ಮೇಲಕ್ಕೆ ಬಾಗಿ ಮತ್ತೆ ಇಳಿದರೆ ಆ ಗೂನಿನಲ್ಲಿ ಗಾಳಿ ನಿಲ್ಲುತ್ತದೆ. ನೀರಿನ ರಬ್ಬರ್ ಪೈಪು ಡೀಸೆಲಿಗೆ ಉಬ್ಬಿ ಕರಗುತ್ತದೆ. ಡೀಸೆಲ್ ಪೈಪನ್ನೇ ಕೇಳಿ ತರಬೇಕು. ತಾಮ್ರದ ವಾಷರುಗಳನ್ನು ಹೊಸದಾಗಿ ಹಾಕಬೇಕು. ಫಿಲ್ಟರಿನ ತಲೆಯ ಮೇಲಿನ ಬಾಣದ ಗುರುತು ನೋಡಿ ಒಳದಾರಿ, ಹೊರದಾರಿ ತಿಳಿದುಕೊಳ್ಳಬೇಕು. ಎರಡನೆಯ ಫಿಲ್ಟರಿನಿಂದಾಚೆಯ ಪೈಪಿನಲ್ಲಿ ಗರಗಸದ ಒಂದು ಚೂರು ಉಳಿದರೂ ತಡೆಯುವವರಿಲ್ಲ, ನೇರ ಪಂಪಿಗೇ ಹೋಗುತ್ತದೆ.

ಇನ್ನೊಂದು ಮುಖ್ಯ ವಿಷಯ. ಫೀಡ್ ಪಂಪಿನಿಂದ ಮುಂದೆ ಡೀಸೆಲನ್ನು ನೂಕಲಾಗುತ್ತದೆ. ಅಲ್ಲಿ ಸಂದು ಬಿಟ್ಟರೆ ಡೀಸೆಲ್ ತೊಟ್ಟಿಕ್ಕಿ ತಾನೇ ಹೇಳುತ್ತದೆ. ಅದಕ್ಕೆ ಮುಂಚಿನ ಪೈಪಿನಲ್ಲಿ ಡೀಸೆಲನ್ನು ಎಳೆಯಲಾಗುತ್ತದೆ. ಎಂಜಿನ್ ಓಡುವಾಗ ಅಲ್ಲಿ ಸಂದು ಬಿಟ್ಟರೆ ಹನಿಯೂ ಹೊರಬಾರದೆ ಗಾಳಿ ಒಳಗೆ ಹೋಗುತ್ತದೆ. ಹೊರಗೆಲ್ಲ ಒಣಗಿದ್ದರೂ ಎಂಜಿನ್ ಕೆಮ್ಮಿ ಕೆಮ್ಮಿ ನಿಲ್ಲುವುದು ಹೀಗೆ. ಆದ್ದರಿಂದ ಫಿಲ್ಟರನ್ನು ಫೀಡ್ ಪಂಪಿನ ಹಿಂದಕ್ಕೆ ಒಯ್ಯಬಾರದು.

ಕೆಲಸ ಮುಗಿದ ಮೇಲೆ ಏರ್ ತೆಗೆಯಬೇಕು. ಮೊದಲ ಫಿಲ್ಟರಿನ ತಿರುಪು ಸಡಿಲಿಸಿ, ಫೀಡ್ ಪಂಪಿನ ಕೈ ಸನ್ನೆ ಆಡಿಸಿ, ಗುಳ್ಳೆಯಿಲ್ಲದೆ ಡೀಸೆಲ್ ಬಂದಾಗ ಬಿಗಿಯಬೇಕು. ಬಳಿಕ ಎರಡನೆಯದು, ಕೊನೆಗೆ ಇಂಜೆಕ್ಷನ್ ಪಂಪು. ಅರ್ಧ ಗಂಟೆ ಓಡಿಸಿ ಪ್ರತಿ ಬೆಸುಗೆ, ಪ್ರತಿ ನಟ್ಟನ್ನು ಒಣ ಬಟ್ಟೆಯಿಂದ ಒರೆಸಿ ನೋಡಬೇಕು. ನಾಜಲಿನ ಪೈಪಿನಲ್ಲಿ ಸೋರಿಕೆಯಿದ್ದರೆ ಬೆರಳಿಟ್ಟು ನೋಡಬೇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ.

ಕಂಪನಿಯ ಗ್ಯಾರಂಟಿ ಮುಗಿಯದ ಗಾಡಿಯಲ್ಲಿ ಈ ಕೆಲಸಕ್ಕೆ ಕೈ ಹಾಕಬಾರದು. 50 ಅಶ್ವಶಕ್ತಿಗೆ ಮೇಲ್ಪಟ್ಟ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಹೊಸ ಹೊಗೆ ನಿಯಮ ಬಂದ ಮೇಲೆ ಕಾಮನ್ ರೈಲ್ ಎಂಜಿನ್ನುಗಳು ಬಂದಿವೆ. ಅವುಗಳಲ್ಲಿ ಫಿಲ್ಟರನ್ನು ಕದಲಿಸುವ ಮಾತೇ ಬೇಡ.

ಜಾಗ ಬದಲಿಸಿದ ಮಾತ್ರಕ್ಕೆ ಫಿಲ್ಟರ್ ಹೆಚ್ಚು ಸೋಸುವುದಿಲ್ಲ. ಕೈಗೆ ಸಿಕ್ಕಿದ್ದರಿಂದ ನಾವು ಹೆಚ್ಚು ನೋಡಿಕೊಳ್ಳುತ್ತೇವೆ, ಅಷ್ಟೇ ಲಾಭ. ಬ್ಯಾರಲನ್ನು ಅಲ್ಲಾಡಿಸದೆ ಒಂದು ರಾತ್ರಿ ಬಿಟ್ಟು ತಳದ ಡೀಸೆಲ್ ತೆಗೆಯದಿರುವುದು, ಸಂಜೆ ಕೆಲಸ ಮುಗಿದೊಡನೆ ಟ್ಯಾಂಕ್ ತುಂಬಿಸಿಡುವುದು, ದಿನವೂ ಫಿಲ್ಟರಿನ ಅಡಿಯ ನೀರು ಬಿಡುವುದು, ಇವಕ್ಕೆ ಕಾಸಿನ ಖರ್ಚಿಲ್ಲ. ಹೂವಿನ ನೀರಿಗೆ ಬಳಸುವ ಡೀಸೆಲ್ ಪಂಪ್‌ಸೆಟ್ಟಿಗೂ ಇದೇ ಕ್ರಮ ಅನ್ವಯಿಸುತ್ತದೆ. ಜನವರಿಯಲ್ಲೇ ಒಮ್ಮೆ ಬಿಚ್ಚಿ ನೋಡಿರೆಂದು ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ.