ಗರಡಿಯ ಮಣ್ಣಿನ ಋಣ

ನಸುಕಿನ ಐದು ಗಂಟೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯತ್ತ ಗೂಡಿನ ಚೀಲ ಹೇರಿಕೊಂಡ ವಾಹನಗಳು ಒಂದೊಂದಾಗಿ ಬರುವ ಹೊತ್ತು. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ಯಂತ್ರಗಳು ಇನ್ನೂ ಸದ್ದು ಮಾಡಿರುವುದಿಲ್ಲ. ಗರಡಿ ಇರುವ ಬೀದಿಯಲ್ಲಿ ಮಾತ್ರ ಗುದ್ದಲಿ ನೆಲಕ್ಕೆ ಬೀಳುವ ಧಪ್ ಧಪ್ ಸದ್ದು. ಅಲ್ಲಿ ಹೊಲವಿಲ್ಲ, ಯಾರೂ ಮನೆಗೆ ಪಾಯ ತೆಗೆಯುತ್ತಿಲ್ಲ. ಆದರೂ ಅಗೆತ, ಅದೂ ಸೂರಿನ ಕೆಳಗೆ! ಇಣುಕಿ ನೋಡಿದರೆ ಲಂಗೋಟಿ ಬಿಗಿದ ನಾಲ್ಕಾರು ಹುಡುಗರು, ಅವರ ನಡುವೆ ತಲೆ ನರೆತ ಒಬ್ಬ ಹಿರಿಯರು.

‘ಏನ್ಲಾ, ಎರಡು ದಿನದಿಂದ ಕಾಣ್ಲೇ ಇಲ್ಲ?’

‘ರಾತ್ರಿ ಪಾಳಿ ಇತ್ತು ಉಸ್ತಾದ್ರೆ.’

‘ಪಾಳಿ ಇದ್ರೆ ಮಟ್ಟಿ ಕೇಳ್ತದೇನ್ಲಾ? ಹಿಡಿ ಗುದ್ದಲಿ.’

ಹಳೇ ಮೈಸೂರು ಸೀಮೆಯ ಯಾವ ಗರಡಿಯಲ್ಲಾದರೂ ಕೇಳಿಬರುವ ಮಾತು ಇದು. ಮಟ್ಟಿ ಎಂದರೆ ಕುಸ್ತಿಯಾಡುವ ಮಣ್ಣು. ಗರಡಿಯಲ್ಲಿ ದಿನ ಶುರುವಾಗುವುದು ಕುಸ್ತಿಯಿಂದಲ್ಲ, ಅಗೆತದಿಂದ.

ಇಲ್ಲಿ ಹೇಳಿಕೊಡುವವರಿಗೆ ಸಂಬಳವಿಲ್ಲ. ಕಲಿಯುವವರಿಗೆ ತಿಂಗಳ ಶುಲ್ಕವಿಲ್ಲ. ಹಾಜರಿ ಪುಸ್ತಕ ಇಲ್ಲ, ಗುಮಾಸ್ತರಿಲ್ಲ, ಕಾವಲುಗಾರನಿಲ್ಲ. ಆದರೂ ನಿತ್ಯ ಬಾಗಿಲು ತೆರೆಯುತ್ತದೆ, ನೆಲ ಹದವಾಗುತ್ತದೆ, ದೀಪ ಹಚ್ಚಲಾಗುತ್ತದೆ. ಕ್ಲಬ್ಬು, ಸಂಘ ಎಂಬ ಮಾತುಗಳು ನಮ್ಮ ಊರುಗಳಿಗೆ ಕಾಲಿಡುವ ಎಷ್ಟೋ ಮೊದಲೇ ಊರವರೇ ಕಟ್ಟಿಕೊಂಡು, ಊರವರೇ ನಡೆಸಿಕೊಂಡು ಬಂದ ವ್ಯಾಯಾಮ ಶಾಲೆ ಇದು. ಇಷ್ಟು ಕಾಲ ಇದನ್ನು ಎತ್ತಿ ನಿಲ್ಲಿಸಿದ್ದು ಯಾವುದು? ಇನ್ನು ಮುಂದೆ ಎತ್ತಿ ನಿಲ್ಲಿಸುವವರು ಯಾರು?

ಬಾಗಿದವನಿಗೇ ಬಾಗಿಲು

ಹಳೆಯ ಗರಡಿ ಮನೆಗಳನ್ನು ಗುರುತಿಸುವುದು ಸುಲಭ. ಗೋಡೆಗೆ ಕೆಮ್ಮಣ್ಣು ಸುಣ್ಣದ ಪಟ್ಟೆ. ಬಾಗಿಲು ಮಾತ್ರ ಕುಳ್ಳು. ಎಂಥ ಆರಡಿಯ ಪೈಲ್ವಾನನಾದರೂ ನಡು ಬಗ್ಗಿಸಿಯೇ ಒಳಗೆ ಕಾಲಿಡಬೇಕು. ಹೊರಗೆ ಎಷ್ಟೇ ಹೆಸರು ಮಾಡಿದ್ದರೂ ಒಳಗಿನ ಮಣ್ಣಿಗೆ ತಲೆ ಬಾಗಲಿ ಎಂದೇ ಹಾಗೆ ಕಟ್ಟಿದ್ದು ಎನ್ನುತ್ತಾರೆ ಹಿರಿಯರು. ಒಳಗೆ ಬೆಳಕು ಕಡಿಮೆ, ಗಾಳಿಯೂ ಕಡಿಮೆ. ಬೆವರು ಬೇಗ ಬರಲಿ, ಬಂದ ಬೆವರಿಗೆ ತಣ್ಣನೆ ಗಾಳಿ ಸೋಕದಿರಲಿ ಎಂಬುದು ಲೆಕ್ಕ.

ಒಂದು ಮೂಲೆಯಲ್ಲಿ ಗದೆ, ಮರದ ಮುಗ್ದರುಗಳು, ಎತ್ತಿ ಪಳಗಲು ಕಲ್ಲಿನ ಗುಂಡು. ಕಲ್ಲಿಗೇನು ಬರ? ರಾಮದೇವರ ಬೆಟ್ಟದಿಂದ ಸಾವನದುರ್ಗದವರೆಗೆ ಇದು ಬಂಡೆಗಳದೇ ಸೀಮೆ. ಗೋಡೆಯ ಗೂಡಿನಲ್ಲಿ ಆಂಜನೇಯನೋ, ಜಟ್ಟಿಗಳ ಕುಲದೇವತೆ ನಿಂಬುಜಾದೇವಿಯೋ ಇರುತ್ತಾರೆ. ಚಪ್ಪಲಿ ಹೊರಗೆ. ಬೀಡಿ, ಸಿಗರೇಟು, ಹೆಂಡದ ವಾಸನೆ ಇಟ್ಟುಕೊಂಡು ಬಂದವನೂ ಹೊರಗೆ. ಬರೆದಿಟ್ಟ ನಿಯಮ ಇಷ್ಟೂ ಅಲ್ಲ, ಯಾವುದನ್ನೂ ಬರೆದಿಟ್ಟಿಲ್ಲ. ಆದರೆ ಮುರಿದವನು ಮಾರನೆಯ ದಿನ ಒಳಗೆ ಬರಲು ಹಿಂಜರಿಯುತ್ತಾನೆ.

ಮಾತುಗಳನ್ನೇ ಗಮನಿಸಿ. ಕುಸ್ತಿ, ಪೈಲ್ವಾನ್, ಉಸ್ತಾದ್ ಇವೆಲ್ಲ ಪಾರಸಿಯ ಕಡೆಯಿಂದ ಬಂದವು. ಜಟ್ಟಿ, ಮಲ್ಲ, ಸಾಮು, ಪಟ್ಟು ಈ ನೆಲದವು. ಎರಡು ಕಡೆಯ ಮಾತೂ ಒಂದೇ ಮಣ್ಣಿನಲ್ಲಿ ಬೆರೆತಿರುವುದು ಸುಮ್ಮನೆ ಅಲ್ಲ. ಆಂಜನೇಯನ ಪಟದ ಮುಂದೆ ಸಾಬರ ಹುಡುಗನೂ ಗೌಡರ ಹುಡುಗನೂ ಜೋಡಿ ಕಟ್ಟಿ ಬಿದ್ದು ಎದ್ದದ್ದು ಈ ಸೀಮೆಗೆ ಹೊಸತಲ್ಲ. ಮೈಗೆ ಮಣ್ಣು ಮೆತ್ತಿದ ಮೇಲೆ ಯಾರು ಯಾರೆಂದು ಹೇಳುವುದೇ ಕಷ್ಟ!

ಮಟ್ಟಿಯ ಆರೈಕೆ

ಗರಡಿಯ ಆಸ್ತಿ ಎಂದರೆ ಕಟ್ಟಡವಲ್ಲ, ಗದೆಯೂ ಅಲ್ಲ. ಆಳುದ್ದ ಅಗಲದ ಆ ಮಣ್ಣು.

ಸಿಕ್ಕ ಮಣ್ಣು ಇದಕ್ಕೆ ಆಗದು. ಕೆಮ್ಮಣ್ಣು, ಹುತ್ತದ ಮಣ್ಣು ತಂದು, ಕಲ್ಲು ಬೇರು ಆರಿಸಿ, ಜರಡಿ ಹಿಡಿಯಬೇಕು. ಆಮೇಲೆ ಎಣ್ಣೆ, ಅರಿಶಿನ, ಮಜ್ಜಿಗೆ, ನಿಂಬೆರಸ, ಕರ್ಪೂರ. ಒಂದೊಂದು ಗರಡಿಯದು ಒಂದೊಂದು ಪಾಕ. ಎಣ್ಣೆ ಬಿದ್ದರೆ ಧೂಳು ಏಳುವುದಿಲ್ಲ, ಮಣ್ಣು ಮೃದುವಾಗುತ್ತದೆ. ತರಚಿದ ಗಾಯಕ್ಕೆ ಅರಿಶಿನ ಒಳ್ಳೆಯದು ಎಂಬುದು ನಂಬಿಕೆ. ಮೈ ಬೆವರನ್ನು ಮಣ್ಣು ಹೀರಿ, ಜಾರುವ ತೋಳಿಗೆ ಹಿಡಿತ ಕೊಡುತ್ತದೆ.

ಇಷ್ಟೆಲ್ಲ ಮಾಡಿ ಬಿಟ್ಟರೆ ಮುಗಿಯಲಿಲ್ಲ. ನಿತ್ಯ ಅಗೆಯಬೇಕು. ನೀರು ಚಿಮುಕಿಸಬೇಕು. ಅಗೆದದ್ದನ್ನು ಮತ್ತೆ ಸಮ ಮಾಡಬೇಕು. ಕೆಲವು ದಿನ ಕೈಬಿಟ್ಟರೆ ಸಾಕು, ಮಣ್ಣು ಗಟ್ಟಿಯಾಗುತ್ತದೆ. ಗಟ್ಟಿ ಮಣ್ಣಿಗೆ ಬಿದ್ದವನ ಭುಜ ಉಳಿಯುವುದಿಲ್ಲ. ಹಾಗಾಗಿಯೇ ಅಗೆತ ಇಲ್ಲಿ ಶಿಕ್ಷೆಯಲ್ಲ, ಮೊದಲ ಪಾಠ. ಗುದ್ದಲಿ ಎತ್ತಿ ಹಾಕುವಾಗಲೇ ಹುಡುಗನ ರಟ್ಟೆ, ಬೆನ್ನು, ತೊಡೆ ಪಳಗುತ್ತವೆ. ಜೊತೆಗೆ ಇನ್ನೊಂದು ಪಾಠವೂ ಇದೆ: ನಾನು ಅಗೆದ ಮಣ್ಣಿನಲ್ಲಿ ಬೀಳುವವನು ನಾನೊಬ್ಬನೇ ಅಲ್ಲ, ನನ್ನ ಎದುರಾಳಿಯೂ ಹೌದು. ಅವನ ಮೂಳೆ ಮುರಿಯದಿರಲಿ ಎಂದು ನಾನು ಅಗೆಯಬೇಕು.

ನೆಲವನ್ನು ಹೀಗೆ ಆಡುವವರೇ ನೋಡಿಕೊಳ್ಳುವ ಪದ್ಧತಿ ನಮ್ಮಲ್ಲಿ ಮಾತ್ರ ಎಂದುಕೊಳ್ಳಬೇಡಿ. ಬ್ರಿಟನ್, ಆಸ್ಟ್ರೇಲಿಯಾಗಳ ಸಣ್ಣ ಊರುಗಳಲ್ಲಿ ಲಾನ್ ಬೌಲ್ಸ್ ಕ್ಲಬ್ಬುಗಳಿವೆ. ಒಂದು ಪುಟ್ಟ ಬಿಳಿ ಚೆಂಡಿನ ಹತ್ತಿರಕ್ಕೆ ದೊಡ್ಡ ಚೆಂಡುಗಳನ್ನು ಉರುಳಿಸಿ ನಿಲ್ಲಿಸುವ ಆಟ. ನಮ್ಮ ದೇಶದ ನಾಲ್ವರು ಹೆಣ್ಣುಮಕ್ಕಳು 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾವನ್ನು 17-10ರಿಂದ ಸೋಲಿಸಿ ಚಿನ್ನ ತಂದಾಗಲೇ ನಮ್ಮಲ್ಲಿ ಅನೇಕರು ಆ ಆಟದ ಹೆಸರು ಕೇಳಿದ್ದು. ಅಂಥ ಎಷ್ಟೋ ಕ್ಲಬ್ಬುಗಳಲ್ಲಿ ಹುಲ್ಲು ಕತ್ತರಿಸುವುದು, ನೆಲಕ್ಕೆ ಉರುಳೆ ಎಳೆಯುವುದು, ಚಹಾ ಕಾಸುವುದು ಎಲ್ಲವೂ ಸದಸ್ಯರದೇ ಸೇವೆ. ಅಲ್ಲಿ ಹುಲ್ಲು, ಇಲ್ಲಿ ಮಣ್ಣು. ಆಟ ಬೇರೆ, ನೆಲದ ಋಣ ಒಂದೇ.

ಅರಮನೆಗೆ ಹೋಗುವ ಜಟ್ಟಿ

ಈ ಸೀಮೆಯ ಮಲ್ಲವಿದ್ಯೆಗೆ ಅರಮನೆಯವರೆಗೂ ದಾರಿ ಇದೆ. ಮೈಸೂರು ದಸರೆಯ ವಿಜಯದಶಮಿಯಂದು ಅರಮನೆಯ ಒಳಾಂಗಣದಲ್ಲಿ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ಅದಕ್ಕೆ ಜಟ್ಟಿಗಳು ಬರುವುದು ಮೈಸೂರು, ಬೆಂಗಳೂರು, ಚಾಮರಾಜನಗರ ಮತ್ತು ಚನ್ನಪಟ್ಟಣದಿಂದ. ಬೊಂಬೆಗೆ ಹೆಸರಾದ ಊರು ಜಟ್ಟಿಗೂ ಹೆಸರಾದದ್ದು ಹೊರಗಿನವರಿಗೆ ಗೊತ್ತಿರುವುದು ಕಡಿಮೆ.

ತಲೆ ಬೋಳಿಸಿಕೊಂಡ ಜಟ್ಟಿಗಳು ಕೆಮ್ಮಣ್ಣಿನ ಅಂಕಣಕ್ಕಿಳಿಯುತ್ತಾರೆ. ಬೆರಳುಗಳಿಗೆ ಬಿಗಿದದ್ದು ಮೊನೆಗಳುಳ್ಳ ವಜ್ರಮುಷ್ಟಿ. ಕಾಳಗ ನಡೆಯುವುದು ಕೆಲವೇ ಕ್ಷಣ. ಒಬ್ಬನ ತಲೆಯಿಂದ ರಕ್ತದ ಹನಿ ಚಿಮ್ಮಿತೋ, ಹಿರಿಯರು ನಡುವೆ ಬಂದು ನಿಲ್ಲಿಸಿಬಿಡುತ್ತಾರೆ. ಸೋಲು ಗೆಲುವಿನ ಮಾತಿಲ್ಲ. ಆ ಬಳಿಕವೇ ರಾಜವಂಶದವರ ವಿಜಯಯಾತ್ರೆ, ಬನ್ನಿ ಪೂಜೆ. ಆ ಕೆಲವು ಕ್ಷಣಕ್ಕಾಗಿ ಜಟ್ಟಿ ವಾರಗಟ್ಟಲೆ ಮುಂಚಿನಿಂದ ಸಾಮು ಮಾಡಿ, ವ್ರತ ಹಿಡಿದು ಸಜ್ಜಾಗಬೇಕು.

ಇದರ ಬೇರು ಬಹಳ ಆಳದ್ದು. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ದರ್ಜೆ, ಅವರ ಆಹಾರ, ಸಾಮುಗಳನ್ನು ವಿವರಿಸಿದ್ದಾನೆ. 16ನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ವರ್ತಕ ನೂನಿಜ್, ಮಹಾನವಮಿಯ ದಿನಗಳಲ್ಲಿ ಕೈಯಲ್ಲಿ ಮೊನೆಯ ಬಳೆ ಹಿಡಿದು ಹೊಡೆದಾಡುವ ಜಟ್ಟಿಗಳನ್ನು ಕುರಿತು ಬರೆದಿಟ್ಟಿದ್ದಾನೆ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರೆ ಆರಂಭಿಸಿದಾಗ ವಿಜಯನಗರದ ಆ ವೈಭವವೇ ಮಾದರಿಯಾಗಿತ್ತು.

ಜಟ್ಟಿಗಳ ನಿಂಬುಜಾದೇವಿಯ ಜಾಡು ಇನ್ನೂ ದೂರಕ್ಕೆ, ಗುಜರಾತಿನ ಮೊಢೇರಾಕ್ಕೆ ಕರೆದೊಯ್ಯುತ್ತದೆ. ಅಲ್ಲಿನ ಜ್ಯೇಷ್ಠಿಮಲ್ಲರ ಕುಲದೇವತೆ ಲಿಂಬಜಾ. ಜ್ಯೇಷ್ಠಿ ಎಂಬುದೇ ನಮ್ಮ ಬಾಯಲ್ಲಿ ಜಟ್ಟಿಯಾಯಿತು ಎನ್ನುತ್ತಾರೆ ತಿಳಿದವರು.

ಅರಸರ ಕಾಲದಲ್ಲಿ ಜಟ್ಟಿಗೆ ಅರಮನೆಯ ಆಸರೆ ಇತ್ತು. ಈಗ ವರ್ಷಕ್ಕೊಂದು ದಿನ ಅರಮನೆ. ಉಳಿದ ದಿನವೆಲ್ಲ ಗರಡಿಯ ಗುದ್ದಲಿಯೇ ಗತಿ.

ಸಂಬಳವಿಲ್ಲದ ಉಸ್ತಾದರು

ಗರಡಿಯ ಖರ್ಚು ದೊಡ್ಡದೇನಲ್ಲ. ಎಣ್ಣೆ, ಅರಿಶಿನ, ವಿದ್ಯುತ್ ಬಿಲ್ಲು, ಮಳೆಗಾಲಕ್ಕೆ ಮುಂಚೆ ನಾಲ್ಕು ಹೆಂಚು. ಒಬ್ಬರು ಎಣ್ಣೆಯ ಡಬ್ಬ ಕೊಡುತ್ತಾರೆ, ಇನ್ನೊಬ್ಬರು ಟ್ರ್ಯಾಕ್ಟರಿನಲ್ಲಿ ಮಣ್ಣು ಹೊಡೆಸುತ್ತಾರೆ. ಜಾತ್ರೆಯ ಕುಸ್ತಿಯಲ್ಲಿ ಗೆದ್ದವನು ಬಹುಮಾನದಲ್ಲಿ ಒಂದು ಪಾಲು ದೇವರ ಮುಂದೆ ಇಡುತ್ತಾನೆ. ಹೀಗೆಯೇ ವರ್ಷ ಉರುಳುತ್ತದೆ.

ದೊಡ್ಡ ಖರ್ಚು ಹೊಟ್ಟೆಯದು. ದಿನಕ್ಕೆ ನೂರಾರು ದಂಡ, ಬಸ್ಕಿ ಹೊಡೆಯುವ ಮೈಗೆ ಹಾಲು, ತುಪ್ಪ, ಬಾದಾಮಿ, ಮೊಟ್ಟೆ, ಕಾಲು ಸೂಪು ಬೇಕು. ಮುದ್ದೆ ಸೊಪ್ಪಿನ ಸಾರಿನ ಮನೆಯಲ್ಲಿ ಒಬ್ಬ ಪೈಲ್ವಾನ ಬೆಳೆದರೆ, ಆ ಬೆಳವಣಿಗೆಯ ಹಿಂದೆ ತನ್ನ ಪಾಲಿನ ಹಾಲನ್ನು ಅವನ ಲೋಟಕ್ಕೆ ಬಗ್ಗಿಸಿದ ಅವ್ವ ಇದ್ದೇ ಇರುತ್ತಾಳೆ. ಗರಡಿಯ ಕುಳ್ಳು ಬಾಗಿಲನ್ನು ಅವಳು ದಾಟಿರುವುದಿಲ್ಲ. ಆದರೆ ಅವಳ ಸೇವೆಯೂ ಆ ಮಣ್ಣಿಗೇ ಸಂದದ್ದು.

ಉಸ್ತಾದರದೂ ಹಾಗೆಯೇ. ಬೆಳಿಗ್ಗೆ ಗರಡಿ, ಹಗಲು ಹೊಲವೋ ಅಂಗಡಿಯೋ, ಸಂಜೆ ಮತ್ತೆ ಗರಡಿ. ನಡುವೆ ಉಳುಕು ತೆಗೆಸಿಕೊಳ್ಳಲು ಬಂದವರು. ಜಟ್ಟಿಗಳು ಎಣ್ಣೆ ತಿಕ್ಕಿ ನರದ ನೋವು ನಿವಾರಿಸುವುದನ್ನು ಎಡ್ಗರ್ ಥರ್ಸ್ಟನ್ 1909ರ ತನ್ನ ಗ್ರಂಥದಲ್ಲೇ ದಾಖಲಿಸಿದ್ದಾನೆ. ಈಗಲೂ ಕಾಲು ಉಳುಕಿದ ಮುದುಕಿಯನ್ನು ಮೊಮ್ಮಗ ಮೊದಲು ಕರೆತರುವುದು ಗರಡಿಯ ಬಾಗಿಲಿಗೆ. ಮೂಳೆ ಮುರಿದಿದ್ದರೆ ‘ಆಸ್ಪತ್ರೆಗೆ ನಡಿ’ ಎನ್ನುವ ವಿವೇಕವೂ ಒಳ್ಳೆಯ ಉಸ್ತಾದರಿಗೆ ಇರುತ್ತದೆ.

ಬೆಳಗಿನ ಜಾವ ಯಾರದು?

ಗರಡಿಗೆ ಕುತ್ತು ಬಂದಿರುವುದು ಯಾವ ಕಡೆಯಿಂದ? ‘ಜಿಮ್ ಬಂತು, ಗರಡಿ ಹೋಯಿತು’ ಎಂದು ಹೇಳಿಬಿಡುವುದು ಸುಲಭ. ನಿಜ, ಕನ್ನಡಿ ಹೊದಿಸಿದ ಜಿಮ್‌ಗಳು ತಾಲ್ಲೂಕು ಕೇಂದ್ರಗಳಲ್ಲೂ ಎದ್ದಿವೆ. ಹಣ ಕೊಟ್ಟರೆ ಅಲ್ಲಿ ಯಾರೂ ಗುದ್ದಲಿ ಹಿಡಿ ಎನ್ನುವುದಿಲ್ಲ. ಆದರೆ ಅದಕ್ಕಿಂತ ದೊಡ್ಡ ಬದಲಾವಣೆ ಹೊತ್ತಿನದು. ಬಿಡದಿ, ಹಾರೋಹಳ್ಳಿಗಳಲ್ಲಿ ಕಾರ್ಖಾನೆಗಳು ಬಂದವು. ಕನಕಪುರ, ಮಾಗಡಿಗಳ ಹುಡುಗರು ನಸುಕಿಗೇ ಬೆಂಗಳೂರಿನ ಬಸ್ಸು ಹಿಡಿಯತೊಡಗಿದರು. ಗರಡಿಗೆ ಮೀಸಲಾಗಿದ್ದ ಬೆಳಗಿನ ಜಾವವನ್ನು ಪಾಳಿ ಕೆಲಸ ಕಿತ್ತುಕೊಂಡಿತು. ದುಡಿದು ತಿನ್ನಬೇಕಾದ ಹುಡುಗನನ್ನು ದೂರುವುದು ಹೇಗೆ?

ಜಾಗದ ಬೆಲೆಯೂ ಏರಿತು. 2023ರಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲಂತೂ ಈ ಕಡೆಯ ಒಂದೊಂದು ಅಡಿಗೂ ಲೆಕ್ಕ. ಹಿಂದೆ ಬಾಯಿಮಾತಿನಲ್ಲಿ ದಾನ ಕೊಟ್ಟ ಜಾಗಕ್ಕೆ ಇಂದು ಕಾಗದ ತೋರಿಸು ಎಂದರೆ ಗರಡಿ ಎಲ್ಲಿಂದ ತಂದೀತು?

ಕುಸ್ತಿಯೂ ಮಣ್ಣಿನಿಂದ ಮ್ಯಾಟ್‌ಗೆ ಏರಿದೆ. ಒಲಿಂಪಿಕ್ಸ್‌ನಿಂದ ಶಾಲಾ ಕೂಟದವರೆಗೆ ಮ್ಯಾಟೇ ನಿಯಮ. ಈ ತೊಡಕು ಇಂದಿನದಲ್ಲ. ಖಾಶಾಬಾ ಜಾಧವ್ 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದಾಗ ಮಣ್ಣಿನಲ್ಲಿ ಪಳಗಿದ ಅವರಿಗೆ ಮ್ಯಾಟೇ ಹೊಸತು, ಆದರೂ ಆರನೆಯವರಾದರು. 1952ರ ಹೆಲ್ಸಿಂಕಿಗೆ ಕಳುಹಿಸಲು ಊರವರು ಚಂದಾ ಎತ್ತಿದರು, ಅವರ ಕೊಲ್ಹಾಪುರದ ಕಾಲೇಜಿನ ಪ್ರಾಂಶುಪಾಲರು ಮನೆಯನ್ನೇ ಅಡವಿಟ್ಟು 7,000 ರೂಪಾಯಿ ಹೊಂದಿಸಿದರು. ಜಾಧವ್ ಕಂಚು ಗೆದ್ದು ಬಂದರು. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ಅದು! ಮಣ್ಣಿನಲ್ಲಿ ಕಲಿತವನು ಮ್ಯಾಟ್ ಮೇಲೆ ಗೆಲ್ಲಲಾರ ಎಂಬ ಮಾತಿಗೆ ಅವರೇ ಉತ್ತರ. ಒಬ್ಬನ ಹಿಂದೆ ಊರು ನಿಂತರೆ ಏನಾದೀತು ಎಂಬುದಕ್ಕೂ ಅವರೇ ಸಾಕ್ಷಿ.

ಗರಡಿ ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಒಂದಿದೆ. ಮೈಸೂರು ದಸರಾ ಕುಸ್ತಿಯಲ್ಲಿ ಇಂದು ಹೆಣ್ಣುಮಕ್ಕಳಿಗೆ ‘ದಸರಾ ಕಿಶೋರಿ’ ಪ್ರಶಸ್ತಿ ಇದೆ. 2016ರಲ್ಲಿ ರಿಯೊದಿಂದ ಕಂಚು ತಂದ ಸಾಕ್ಷಿ ಮಲಿಕ್ ಹೆಸರನ್ನು ಹಳ್ಳಿಯ ಹುಡುಗಿಯರೂ ಬಲ್ಲರು. ಆದರೆ ಹಳೆಯ ಗರಡಿಯ ಹೊಸ್ತಿಲು ಹುಡುಗಿಯರ ಪಾಲಿಗೆ ಇನ್ನೂ ಎತ್ತರವೇ. ಗುದ್ದಲಿ ಹಿಡಿಯುವ ಕೈ ಕಡಿಮೆಯಾಯಿತೆಂದು ಕೊರಗುವ ಹಿರಿಯರು, ಹೊರಗೆ ನಿಂತ ಅರ್ಧ ಊರಿನ ಕೈಗಳನ್ನು ನೋಡಬಾರದೆ?

ಮೀಸೆ ಮತ್ತು ಮಣ್ಣು

ನವರಾತ್ರಿ ಬಂದರೆ ಗರಡಿಗಳಿಗೆ ಮತ್ತೆ ಕಳೆ. ಗೋಡೆಗೆ ಸುಣ್ಣ ಬೀಳುತ್ತದೆ, ಗದೆಗಳು ಮಿರುಗುತ್ತವೆ. ಮಟ್ಟಿಯನ್ನು ನಡುವೆ ಗುಡ್ಡೆ ಮಾಡಿ, ಹೂವು ಕುಂಕುಮ ಏರಿಸಿ ಪೂಜೆ. ಊರು ಬಿಟ್ಟು ಹೋದ ಹಳೆಯ ಪೈಲ್ವಾನರು ಮಕ್ಕಳ ಕೈ ಹಿಡಿದು ಬರುತ್ತಾರೆ. ಹೊಟ್ಟೆ ಬಂದಿದೆ, ಮೀಸೆ ನರೆತಿದೆ. ಆದರೂ ಕುಳ್ಳು ಬಾಗಿಲಿನಲ್ಲಿ ತಲೆ ತಾನಾಗಿ ಬಾಗುತ್ತದೆ. ಒಂದು ಚಿಟಿಕೆ ಮಣ್ಣು ಹಣೆಗೆ ಏರುತ್ತದೆ. ಪೂಜೆಯ ದಿನ ನೂರು ಜನ. ಮಾರನೆಯ ನಸುಕಿಗೆ ಗುದ್ದಲಿ ಹಿಡಿಯಲು ಎಷ್ಟು ಜನ ಬರುತ್ತಾರೆ ಎಂಬುದರಲ್ಲಿದೆ ಗರಡಿಯ ಆಯುಸ್ಸು.

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆಯನ್ನು ನಾವು ಸೋಲೊಪ್ಪದವರನ್ನು ಹಂಗಿಸಲು ಬಳಸುತ್ತೇವೆ. ಗರಡಿಯೊಳಗೆ ಮಾತ್ರ ಮೀಸೆ ಮಣ್ಣಾಗುವುದು ಅವಮಾನವಲ್ಲ. ಬಿದ್ದವನನ್ನು ನೋಯಿಸದೆ ಹಿಡಿದುಕೊಳ್ಳುವಷ್ಟು ಮಣ್ಣು ಮೆತ್ತಗಿದೆ, ಅಂದರೆ ಬೆಳಿಗ್ಗೆ ಯಾರೋ ಬಂದು ಅಗೆದಿದ್ದಾರೆ ಎಂದರ್ಥ. ಆ ಯಾರೋ ನಾಳೆಯೂ ಬರಲಿ.