ಅಂಗಣದ ಹೊರಗುಳಿದ ಬಿಲ್ಕೀಸ್

ಮೈಸೂರಿನಿಂದ ಮಡಿಕೇರಿ ಕಡೆಗೆ ಹೊರಟ ಬಸ್ಸು ಹುಣಸೂರು ದಾಟಿ, ಪಿರಿಯಾಪಟ್ಟಣ ಬರುವ ಮೊದಲು ಕಂಪಲಾಪುರದಲ್ಲಿ ನಿಲ್ಲುತ್ತದೆ. ಸುತ್ತ ತಂಬಾಕು ಬೆಳೆಯುವ ಸೀಮೆ. ಈ ಭಾಗದ ಶಾಲೆಗಳ ಮೈದಾನಗಳಲ್ಲಿ ಹೆಣ್ಣು ಮಕ್ಕಳು ಆಡುವುದು ಹೆಚ್ಚಾಗಿ ಖೋಖೋ, ಕಬಡ್ಡಿ, ಥ್ರೋಬಾಲ್. ಆ ಗುಂಪಿನಲ್ಲಿ ನಮ್ಮ ಮಕ್ಕಳೂ ಇರುತ್ತಾರೆ. ಆದರೆ ಏಳನೆಯ ಅಥವಾ ಎಂಟನೆಯ ತರಗತಿಯವರೆಗೆ ಮಾತ್ರ. ಆಮೇಲೆ ಒಬ್ಬೊಬ್ಬರಾಗಿ ಮೈದಾನದ ಅಂಚಿಗೆ ಸರಿದು ಗೆಳತಿಯರ ಬ್ಯಾಗು ಕಾಯುತ್ತಾ ಕೂರುತ್ತಾರೆ. ಯಾಕಮ್ಮಾ ಆಡುವುದಿಲ್ಲ ಎಂದು ಕೇಳಿದರೆ, ‘ಮನೇಲಿ ಬೇಡ ಅಂದ್ರು’ ಎನ್ನುವ ಒಂದೇ ಉತ್ತರ.

ಮಕ್ಕಳಿಗೆ ಹಾಗೆ ‘ಬೇಡ’ ಎನ್ನುವ ನಾವು ತಾಯಂದಿರು ಒಮ್ಮೆ ಕೇಳಲೇಬೇಕಾದ ಕಥೆಯೊಂದಿದೆ. ಅದು ನಡೆದದ್ದು ದೂರದ ಅಮೆರಿಕದಲ್ಲಿ. ಆದರೆ ಅದರಲ್ಲಿರುವ ನೋವು ನಮಗೆ ಅಪರಿಚಿತವಲ್ಲ.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿದೆ. 1891ರ ಚಳಿಗಾಲದಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ಹೊರಗೆ ಆಡಲಾಗದ ತಮ್ಮ ವಿದ್ಯಾರ್ಥಿಗಳಿಗಾಗಿ ಹಣ್ಣಿನ ಬುಟ್ಟಿಗಳನ್ನು ಗೋಡೆಯ ಎತ್ತರಕ್ಕೆ ಕಟ್ಟಿ ಹೊಸ ಆಟವೊಂದನ್ನು ಕಲಿಸಿದ್ದು ಇದೇ ಊರಿನಲ್ಲಿ. ಅದೇ ಬಾಸ್ಕೆಟ್‌ಬಾಲ್. ಅದಾಗಿ ಸುಮಾರು ನೂರು ವರ್ಷಗಳ ನಂತರ, 1990ರಲ್ಲಿ, ಅದೇ ಊರಿನ ಮುಸ್ಲಿಂ ಕುಟುಂಬವೊಂದರಲ್ಲಿ ಹುಟ್ಟಿದವಳು ಬಿಲ್ಕೀಸ್ ಅಬ್ದುಲ್ ಖಾದಿರ್.

ಬಾಸ್ಕೆಟ್‌ಬಾಲ್ ಎತ್ತರದವರ ಆಟ ಎನ್ನುತ್ತಾರೆ. ಬುಟ್ಟಿ ಇರುವುದೇ ನೆಲದಿಂದ ಹತ್ತು ಅಡಿ ಮೇಲೆ. ಬಿಲ್ಕೀಸ್ ಎತ್ತರದ ಹುಡುಗಿಯೇನಲ್ಲ. ಆದರೆ ಕಾಲಿನಲ್ಲಿ ವೇಗವಿತ್ತು, ಕಣ್ಣಿನಲ್ಲಿ ಗುರಿಯಿತ್ತು. ಪ್ರಾಯಕ್ಕೆ ಬಂದಾಗ ಹಿಜಾಬ್ ಧರಿಸತೊಡಗಿದಳು. ಉದ್ದ ತೋಳಿನ ಅಂಗಿ, ಕಾಲು ಮುಚ್ಚುವ ಉಡುಪು, ತಲೆಗೆ ಬಿಗಿಯಾದ ವಸ್ತ್ರ. ಅದರ ಮೇಲೆ ತಂಡದ ಸಮವಸ್ತ್ರ. ನೋಡಿದವರು ಮೊದಲು ಅಚ್ಚರಿಪಟ್ಟರು, ಕೆಲವರು ನಕ್ಕರು. ಆದರೆ ಅಂಕಗಳು ಏರುತ್ತಲೇ ಹೋದವು. 2009ರಲ್ಲಿ ಪ್ರೌಢಶಾಲೆ ಮುಗಿಸುವಾಗ ಆಕೆಯ ಹೆಸರಿನಲ್ಲಿದ್ದ ಅಂಕಗಳು 3,070! ಆ ರಾಜ್ಯದಲ್ಲಿ ಹುಡುಗಿಯರಿರಲಿ, ಹುಡುಗರೂ ಅಷ್ಟು ಗಳಿಸಿರಲಿಲ್ಲ. ಒಲಿಂಪಿಕ್ ಚಿನ್ನ ಗೆದ್ದ ರೆಬೆಕಾ ಲೋಬೊ ಬಾಲಕಿಯರ ವಿಭಾಗದಲ್ಲಿ ಸ್ಥಾಪಿಸಿದ್ದ ದಾಖಲೆಯೂ ಅಳಿಸಿ ಹೋಯಿತು. ಅದೇ ವರ್ಷ ರಮದಾನ್‌ನಲ್ಲಿ ಅಧ್ಯಕ್ಷ ಒಬಾಮ ಶ್ವೇತಭವನದಲ್ಲಿ ಏರ್ಪಡಿಸಿದ ಇಫ್ತಾರ್ ಕೂಟದಲ್ಲಿ ಈ ಹುಡುಗಿಯನ್ನು ಹೆಸರು ಹಿಡಿದು ಹೊಗಳಿದರು.

ಮುಂದೆ ಮೆಂಫಿಸ್ ವಿಶ್ವವಿದ್ಯಾಲಯ ಆಕೆಯನ್ನು ವಿದ್ಯಾರ್ಥಿವೇತನ ನೀಡಿ ಕರೆದುಕೊಂಡಿತು. ಮೊದಲ ವರ್ಷವೇ ಮೊಣಕಾಲಿಗೆ ಪೆಟ್ಟಾಗಿ ಹೊರಗೆ ಕೂರಬೇಕಾಯಿತು. ಚೇತರಿಸಿಕೊಂಡು ಅಂಗಣಕ್ಕೆ ಇಳಿದಾಗ, ಅಮೆರಿಕದ ಕಾಲೇಜು ಕ್ರೀಡೆಯ ಅತ್ಯುನ್ನತ ವಿಭಾಗದಲ್ಲಿ ಹಿಜಾಬ್ ಧರಿಸಿ ಆಡಿದ ಮೊದಲ ಬಾಸ್ಕೆಟ್‌ಬಾಲ್ ಆಟಗಾರ್ತಿ ಎನಿಸಿಕೊಂಡಳು. ಕೊನೆಯ ವರ್ಷ ಇಂಡಿಯಾನಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಆಡಿದಳು. 2014ರಲ್ಲಿ ಓದು ಮುಗಿಯಿತು. ಇನ್ನುಳಿದದ್ದು ಒಂದೇ ಕನಸು: ಯುರೋಪಿಗೆ ಹೋಗಿ ವೃತ್ತಿಪರ ಆಟಗಾರ್ತಿಯಾಗುವುದು.

ಬಾಗಿಲು ಮುಚ್ಚಿದ್ದು ಆಗಲೇ.

ವಿಶ್ವ ಬಾಸ್ಕೆಟ್‌ಬಾಲ್ ಆಟವನ್ನು ನಿಯಂತ್ರಿಸುವ ಸಂಸ್ಥೆ ಫೀಬಾ. ಐದು ಸೆಂಟಿಮೀಟರ್ ಅಗಲದ ಪಟ್ಟಿಯ ಹೊರತು ತಲೆಯ ಮೇಲೆ ಬೇರೇನನ್ನೂ ಧರಿಸಬಾರದೆಂಬುದು ಅದರ ನಿಯಮವಾಗಿತ್ತು. ಇತರ ಆಟಗಾರರಿಗೆ ಅಪಾಯವಾಗಬಹುದು ಎಂಬುದು ಕೊಟ್ಟ ಕಾರಣ. ನಾಲ್ಕು ವರ್ಷ ಅಮೆರಿಕದ ಕಾಲೇಜು ಅಂಗಣಗಳಲ್ಲಿ ಓಡಾಡಿದ ಆ ತುಂಡು ಬಟ್ಟೆ ಯಾರನ್ನು ಗಾಯಗೊಳಿಸಿತ್ತು? ಕೇಳುವವರಿರಲಿಲ್ಲ. ಬಿಲ್ಕೀಸಳ ಮುಂದೆ ಎರಡೇ ದಾರಿ: ಹಿಜಾಬ್ ತೆಗೆಯುವುದು, ಇಲ್ಲವೇ ಆಟ ಬಿಡುವುದು. ತೆಗೆದುಬಿಡಲೇ ಎಂಬ ಆಲೋಚನೆ ತನಗೂ ಬಂದಿತ್ತೆಂದು ಆಕೆ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾಳೆ. ಬಾಲ್ಯದಿಂದ ಉಸಿರಾಗಿದ್ದ ಆಟ ಅದು. ಕೊನೆಗೆ ಆಕೆ ಹಿಜಾಬನ್ನೇ ಉಳಿಸಿಕೊಂಡಳು.

ಈ ನಿಯಮ ನೋಯಿಸಿದ್ದು ಒಬ್ಬಳನ್ನಲ್ಲ. 2014ರ ಜುಲೈಯಲ್ಲಿ ಚೀನಾದ ವುಹಾನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ನಮ್ಮ ಭಾರತದ ಸಿಖ್ ಆಟಗಾರರಾದ ಅಮೃತ್‌ಪಾಲ್ ಸಿಂಗ್ ಮತ್ತು ಅಮ್‌ಜ್ಯೋತ್ ಸಿಂಗ್ ಪೇಟ ಬಿಚ್ಚಿಟ್ಟು ಆಡಬೇಕಾಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಇಂಚಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಕತಾರ್‌ನ ಮಹಿಳಾ ತಂಡ ಮಂಗೋಲಿಯಾ ವಿರುದ್ಧ ಆಡಲು ಅಂಗಣಕ್ಕೆ ಬಂದಿತ್ತು. ಹಿಜಾಬ್ ತೆಗೆಯಿರಿ ಎಂದಾಗ ಆ ಹೆಣ್ಣು ಮಕ್ಕಳು ಆಡದೆ ಹಿಂತಿರುಗಿದರು. ಪೇಟದ ನೋವೂ ಹಿಜಾಬಿನ ನೋವೂ ಒಂದೇ ಎಂಬುದು ಆ ವರ್ಷ ಜಗತ್ತಿಗೆ ತಿಳಿಯಿತು.

ದೂರುಗಳು ಹೋದವು. ಸಹಿ ಸಂಗ್ರಹಗಳು ನಡೆದವು. ಬಿಲ್ಕೀಸ್ ಕೂಡ ಸುಮ್ಮನೆ ಕೂರದೆ ದನಿ ಎತ್ತಿದಳು. ಫೀಬಾ ಮೊದಲು ಪ್ರಾಯೋಗಿಕವಾಗಿ ಕೆಲವು ವಿನಾಯಿತಿ ನೀಡಿತು. ಕೊನೆಗೆ 2017ರ ಮೇ ತಿಂಗಳಲ್ಲಿ ನಿಯಮವನ್ನೇ ಬದಲಿಸಿತು. ಅದೇ ಅಕ್ಟೋಬರ್ 1ರಿಂದ ಹೊಸ ನಿಯಮ ಜಾರಿಗೆ ಬಂತು. ಶಿರವಸ್ತ್ರ ಕಪ್ಪು, ಬಿಳಿ ಅಥವಾ ಸಮವಸ್ತ್ರದ ಬಣ್ಣದ್ದಾಗಿರಬೇಕು, ಮುಖ ಮುಚ್ಚಬಾರದು, ಜೋತಾಡುವ ತುದಿಗಳಿರಬಾರದು, ಅಷ್ಟೇ.

ಆದರೆ ಬಿಲ್ಕೀಸಳ ಪಾಲಿಗೆ ಕಾಲ ಮಿಂಚಿತ್ತು. ಆಟಗಾರರ ಬದುಕಿನಲ್ಲಿ ಮೂರು ವರ್ಷ ಎಂದರೆ ಸಣ್ಣ ಅವಧಿಯಲ್ಲ. ತಾನು ತೆರೆಸಿದ ಬಾಗಿಲಿನಿಂದ ತಾನೇ ಒಳಗೆ ಹೋಗಲಾಗಲಿಲ್ಲ. ಆಕೆ ಮುಸ್ಲಿಂ ಹೆಣ್ಣು ಮಕ್ಕಳಿಗೆ ಆಟ ಕಲಿಸುವ ಶಿಬಿರಗಳತ್ತ ತಿರುಗಿದಳು. ತನಗೆ ಸಿಗದಿದ್ದುದು ಅವರಿಗೆ ಸಿಗಲೆಂಬ ಹಂಬಲ. ಸೋಲನ್ನು ಹೀಗೂ ಸದ್ಬಳಕೆ ಮಾಡಬಹುದಲ್ಲವೇ?

ಹಾಗೆಂದು ಎಲ್ಲವೂ ಸರಿಹೋಯಿತೆಂದು ಹೇಳುವಂತಿಲ್ಲ. ಫ್ರಾನ್ಸಿನ ಬಾಸ್ಕೆಟ್‌ಬಾಲ್ ಒಕ್ಕೂಟ 2022ರಲ್ಲಿ ತನ್ನ ಸ್ಪರ್ಧೆಗಳಲ್ಲಿ ಶಿರವಸ್ತ್ರ ನಿಷೇಧಿಸಿತು. ಫ್ರಾನ್ಸಿನ ಕಿರಿಯರ ತಂಡಕ್ಕೆ ಆಡಿದ್ದ ದಿಯಾಬಾ ಕೊನಾಟೆ ಅಮೆರಿಕದ ಕಾಲೇಜಿನಲ್ಲಿ ಹಿಜಾಬ್ ಧರಿಸಿ ಆಡಿದಳು. ಹುಟ್ಟಿದ ದೇಶದ ಸ್ಪರ್ಧೆಗಳಲ್ಲಿ ಹಾಗೆ ಆಡುವಂತಿರಲಿಲ್ಲ.

ಇನ್ನು ನಮ್ಮ ಕರ್ನಾಟಕದ ಕಡೆ ನೋಡೋಣ. 2017ರ ಜುಲೈಯಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್‌ನ ‘ಬಿ’ ವಿಭಾಗದ ಅಂತಿಮ ಪಂದ್ಯ ನಡೆಯಿತು. ಭಾರತದ ಹೆಣ್ಣು ಮಕ್ಕಳು ಕಜಕಿಸ್ತಾನವನ್ನು 75-73ರಿಂದ ಸೋಲಿಸಿ ‘ಎ’ ವಿಭಾಗಕ್ಕೆ ಏರಿದರು. ಕರ್ನಾಟಕದ ನವನೀತಾ ಆ ತಂಡದಲ್ಲಿದ್ದಳು. ನಮ್ಮ ನೆಲದ ಹುಡುಗಿಯರಿಗೂ ಅಂತರರಾಷ್ಟ್ರೀಯ ಅಂಗಣ ದೂರವಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಅಂಥ ತಂಡದಲ್ಲಿ ಹಿಜಾಬ್ ಧರಿಸಿದ ಹುಡುಗಿಯೊಬ್ಬಳು ಆಡಲು ಇಂದು ವಿಶ್ವ ಸಂಸ್ಥೆಯ ನಿಯಮ ಅಡ್ಡ ಬರುವುದಿಲ್ಲ. ಹಾಗಾದರೆ ಅಡ್ಡ ಬರುತ್ತಿರುವುದು ಯಾವುದು?

ಸಹೋದರಿಯರೇ, ಈ ಪ್ರಶ್ನೆಯನ್ನು ನಾವು ನಮ್ಮ ಮನೆಯೊಳಗೇ ಕೇಳಿಕೊಳ್ಳಬೇಕು. ಬಿಲ್ಕೀಸಳನ್ನು ತಡೆದದ್ದು ಹೊರಗಿನವರ ನಿಯಮ. ಮೈದಾನದ ಅಂಚಿನಲ್ಲಿ ಬ್ಯಾಗು ಕಾಯುವ ನಮ್ಮ ಮಗಳನ್ನು ತಡೆದದ್ದು ಹಲವು ಬಾರಿ ನಾವೇ. ‘ಜನ ಏನಂದುಕೊಂಡಾರು’ ಎಂಬ ಮಾತನ್ನು ದೀನ್‌ನ ಹೆಸರಿನಲ್ಲಿ ಹೇಳಿಬಿಡುತ್ತೇವೆ. ಪ್ರವಾದಿ(ಸ)ರು ಪತ್ನಿ ಹ. ಆಯಿಶಾ(ರ)ರೊಂದಿಗೆ ಓಟದ ಸ್ಪರ್ಧೆ ನಡೆಸಿದ್ದು ಹದೀಸ್‌ನಲ್ಲಿದೆ. ಮೊದಲ ಸಲ ಗೆದ್ದದ್ದು ಆಯಿಶಾ(ರ). ಕಾಲಾನಂತರ ಮತ್ತೆ ಓಡಿದಾಗ ಗೆದ್ದ ಪ್ರವಾದಿ(ಸ)ರು, ಇದು ಅಂದಿನ ಸೋಲಿಗೆ ಬದಲು ಎಂದು ನಗೆಯಾಡಿದರು. ಹೆಣ್ಣು ಓಡುವುದನ್ನು, ಗೆಲ್ಲುವುದನ್ನು ಕಂಡು ಸಂತೋಷಪಟ್ಟ ಮನೆ ಅದು.

ಎಲ್ಲಿ, ಯಾರ ಮುಂದೆ, ಯಾವ ಉಡುಪಿನಲ್ಲಿ ಎಂಬ ಎಚ್ಚರ ಇರಲೇಬೇಕು. ಆ ಎಚ್ಚರವನ್ನು ಉಳಿಸಿಕೊಂಡೇ ಆಡುವ ದಾರಿಗಳೂ ಇವೆ. ಉದ್ದ ತೋಳಿನ ಅಂಗಿಯನ್ನು ನಮ್ಮೂರ ದರ್ಜಿಯೂ ಹೊಲಿದುಕೊಟ್ಟಾನು. ತಾಯಂದಿರು ನಾಲ್ಕು ಜನ ಸೇರಿ ಹೋಗಿ ಕೇಳಿದರೆ, ಹುಡುಗಿಯರಿಗೆಂದೇ ಬೇರೆ ಸಮಯ, ಸಾಧ್ಯವಾದರೆ ಮಹಿಳಾ ತರಬೇತುದಾರರು ಬೇಕೆಂಬ ಬೇಡಿಕೆಯನ್ನು ಶಾಲೆಯವರು ತಳ್ಳಿಹಾಕಲಾರರು. ಎಲ್ಲರೂ ಭಾರತ ತಂಡಕ್ಕೆ ಆಡಬೇಕೆಂದಿಲ್ಲ. ಮೈ ಬೆವರುವಷ್ಟು ಓಡಿದರೆ ಆರೋಗ್ಯವಾದರೂ ಉಳಿದೀತು, ಸೋತು ಗೆದ್ದು ಅಭ್ಯಾಸವಾದೀತು.

ನಾಳೆ ಸಂಜೆ ಮಗಳು ಶಾಲೆಯಿಂದ ಬಂದಾಗ ಅಂಕಪಟ್ಟಿ ಕೇಳುವ ಮೊದಲು ಒಂದು ಮಾತು ಕೇಳಿ ನೋಡಿ: ‘ಇವತ್ತು ಏನು ಆಡಿದೆ?’ ಅವಳ ಮುಖದಲ್ಲಿ ಮೂಡುವ ಉತ್ತರವನ್ನು ಗಮನಿಸಿ. ಬಿಲ್ಕೀಸ್ ಕಳೆದುಕೊಂಡದ್ದು ಏನೆಂದು ಆಗ ನಮಗೂ ಅರ್ಥವಾದೀತು.