ಲೈನಿಂಗ್ ಇಲ್ಲದ ಚೀಲ, ಬಣ್ಣ ಬಿಡುವ ತೊಗಲು

ಹಿತ್ತಾಳೆಯ ತಿರುಗಣಿ ತಿರುಗಿಸಿ ಮುಚ್ಚಳ ಎತ್ತಿದರೆ ಮೊದಲು ಬರುವುದು ವಾಸನೆ. ಹೊಸ ಚಪ್ಪಲಿ ಅಂಗಡಿಯ ಘಾಟಲ್ಲ ಅದು, ಎಣ್ಣೆ ಕುಡಿದು ಹಳತಾದ ತೊಗಲಿನ ಮಂದ ವಾಸನೆ. ಒಳಗೆ ಕೈ ಹಾಕಿದರೆ ಬಟ್ಟೆ ತಾಗುವುದಿಲ್ಲ. ತೊಗಲಿನ ಹಿಂಬದಿಯೇ ನೇರವಾಗಿ ಬೆರಳಿಗೆ ಸಿಗುತ್ತದೆ, ಎಳೆ ಬೆಂಡೆಕಾಯಿಯ ಮೇಲಿನ ಸುಂಕಿನಷ್ಟು ನವಿರಾಗಿ. ಬುಡದಲ್ಲಿ ಎಂದೋ ಸೋರಿದ ಪೆನ್ನಿನ ಮಸಿ ಇದೆ. ಮುಚ್ಚಳದ ಕೆಳಗೆ ಒತ್ತಿದ ನಾಲ್ಕು ಸಾಲಿನ ಇಂಗ್ಲಿಷ್ ಬರಹವಿದೆ, ನ್ಯೂಯಾರ್ಕಿನಲ್ಲಿ ತಯಾರಾದದ್ದು ಎಂಬ ಮಾತಿನ ಜೊತೆಗೆ. ಬೆನ್ನಿನ ಕಡೆ ತಿರುಗಿಸಿದರೆ ಜೇನು ಬಣ್ಣದ ತೊಗಲಿನ ಮೇಲೆ ಅಂಗೈ ಅಗಲದ ನೀಲಿ ನೆರಳು.

ನ್ಯೂಜೆರ್ಸಿಯಲ್ಲಿರುವ ಚಿಕ್ಕಮ್ಮ ತಾನು ಕೆಲಸಕ್ಕೆ ಹೋಗುವಾಗ ವರ್ಷಗಟ್ಟಲೆ ಹೆಗಲಿಗೆ ಹಾಕಿಕೊಂಡಿದ್ದ, ಕೋಚ್ ಎಂಬ ಅಮೆರಿಕದ ಕಂಪನಿಯ ಈ ಚೀಲವನ್ನು ಹೋದ ಸಲ ಬಂದಾಗ ನನ್ನ ಕೈಗಿಟ್ಟರು. "ನೀಲಿ ಕಲೆ ನೋಡಿ ಮುಖ ಸಿಂಡರಿಸಬೇಡ ಕಣೇ, ಅದು ನನ್ನ ಜೀನ್ಸಿಂದು" ಅಂದರು. ಅಂದಿನಿಂದ ಈ ಬಗೆಯ ಚೀಲಗಳ ಮೇಲೆ ನನಗೆ ಹತ್ತಿದ ಪ್ರೀತಿ ಇಳಿದಿಲ್ಲ. ಅಮೆರಿಕದಲ್ಲಿ ಇವನ್ನು ಹುಡುಕಿ ಕೊಂಡು, ತೊಳೆದು, ಎಣ್ಣೆ ಕೊಟ್ಟು ಮತ್ತೆ ಬಳಕೆಗೆ ತರುವವರ ದೊಡ್ಡ ಬಳಗವೇ ಇದೆ. ಅಲ್ಲಿರುವ ನಮ್ಮವರ ಸೂಟ್‌ಕೇಸಿನಲ್ಲಿ ಅಂಥ ಒಂದೊಂದು ಚೀಲ ನಮ್ಮ ಮನೆಗಳಿಗೂ ಬಂದು ಸೇರುತ್ತಿದೆ.

ಈ ಚೀಲದ ಕಥೆ ಶುರುವಾಗುವುದು 1941ರಲ್ಲಿ, ಮ್ಯಾನ್‌ಹಟನ್‌ನ ಕಟ್ಟಡವೊಂದರ ಮಹಡಿಯಲ್ಲಿದ್ದ ಕಾರ್ಖಾನೆಯಲ್ಲಿ. ಆಗ ಅಲ್ಲಿ ಹೊಲಿಯುತ್ತಿದ್ದುದು ಗಂಡಸರ ಪರ್ಸುಗಳಂಥ ಸಣ್ಣ ಸಾಮಾನು. 1946ರಲ್ಲಿ ಮೈಲ್ಸ್ ಕಾನ್ ಅಲ್ಲಿಗೆ ಬಂದರು. 1961ರಲ್ಲಿ ಅವರೂ ಅವರ ಹೆಂಡತಿ ಲಿಲಿಯನ್ ಕಾನ್ ಅವರೂ ಕಾರ್ಖಾನೆಯನ್ನೇ ಕೊಂಡರು. ಬೇಸ್‌ಬಾಲ್ ಆಟಗಾರರ ಕೈಗವಸು ಮೈಲ್ಸ್ ಅವರ ಕಣ್ಣಿಗೆ ಬಿದ್ದಿತ್ತು. ಹೊಸದಿದ್ದಾಗ ಬಿರುಸಾಗಿರುವ ಆ ತೊಗಲು ಆಡಿದಷ್ಟೂ ಮೆತ್ತಗಾಗಿ, ಕೈಗೆ ಒಗ್ಗಿ, ಮಿರುಗು ಪಡೆಯುತ್ತಿತ್ತು. ಹಾಗೇ ಹದ ಮಾಡಿದ ದಪ್ಪ ತೊಗಲಿನಲ್ಲಿ ಹೆಂಗಸರ ಚೀಲ ಮಾಡೋಣ ಎಂದವರು ಲಿಲಿಯನ್. ಗಂಡ ಮೊದಲು ಒಪ್ಪಲಿಲ್ಲವಂತೆ. ಹಂಗೇರಿಯಿಂದ ವಲಸೆ ಬಂದ ಕುಟುಂಬದ ಹುಡುಗಿ ಲಿಲಿಯನ್, ಪೆನ್ಸಿಲ್ವೇನಿಯಾದ ವಿಲ್ಕ್ಸ್-ಬ್ಯಾರಿ ಊರಿನಲ್ಲಿ ಮನೆಯವರು ಮಾಡಿದ ನೂಡಲ್ಸನ್ನು ಕಾಗದದ ಚೀಲಗಳಲ್ಲಿ ತುಂಬಿ ಮನೆಮನೆಗೆ ಮುಟ್ಟಿಸುತ್ತಿದ್ದರು. ಕಂಪನಿಯ ಹೆಸರಾಂತ ಶಾಪಿಂಗ್ ಚೀಲದ ಆಕಾರ ಆ ಕಾಗದದ ಚೀಲದ್ದೇ. ಬಡತನದ ನೆನಪೊಂದು ತೊಗಲಿನಲ್ಲಿ ಹೊಲಿಸಿಕೊಂಡ ಈ ಸಂಗತಿ ನನಗೆ ಕಂಪನಿಯ ಎಲ್ಲ ಜಾಹೀರಾತುಗಳಿಗಿಂತ ದೊಡ್ಡದು.

1962ರಲ್ಲಿ ಬಾನಿ ಕ್ಯಾಶಿನ್ ಸೇರಿಕೊಂಡರು. ಹಾಲಿವುಡ್ ಸಿನಿಮಾಗಳಿಗೆ ಉಡುಪು ವಿನ್ಯಾಸ ಮಾಡಿ ಪಳಗಿದ ಕೈ. ತಮ್ಮ ಕಾರಿನ ಮಡಚುವ ಚಾವಣಿಯನ್ನು ಬಿಗಿಯುತ್ತಿದ್ದ ಹಿತ್ತಾಳೆಯ ತಿರುಗಣಿಯನ್ನು ಅವರು ಚೀಲಕ್ಕೆ ತಂದರು. ಕಾನ್ ದಂಪತಿ 1985ರಲ್ಲಿ ಕಂಪನಿಯನ್ನು ಸಾರಾ ಲೀ ಸಂಸ್ಥೆಗೆ ಮಾರಿ ನ್ಯೂಯಾರ್ಕ್ ರಾಜ್ಯದ ಹಳ್ಳಿಯಲ್ಲಿ ಮೇಕೆ ಸಾಕಿದರು, ಚೀಸ್ ಮಾಡಿದರು. 2000ದಲ್ಲಿ ಕೋಚ್ ಷೇರು ಪೇಟೆಗೆ ಬಂತು. ಆಮೇಲೆ ಬಟ್ಟೆಯ ಚೀಲಗಳು, ಲೈನಿಂಗ್ ಕೊಟ್ಟ ಚೀಲಗಳು ಹೆಚ್ಚಾದವು. 2021ರಿಂದ ಕಂಪನಿಯೇ ಹಳೆಯ ಚೀಲಗಳನ್ನು ದುರಸ್ತಿ ಮಾಡಿ ಮತ್ತೆ ಮಾರುತ್ತಿದೆ.

ಲೈನಿಂಗ್ ಇಲ್ಲ ಅಂದರೆ ಅದು ಅಗ್ಗದ ಕೆಲಸ ಅಂದುಕೊಳ್ಳುವವರಿದ್ದಾರೆ. ಇದು ತಪ್ಪು. ಲೈನಿಂಗ್ ಬಟ್ಟೆಯ ಹಿಂದೆ ಎಷ್ಟನ್ನೋ ಮುಚ್ಚಿಡಬಹುದು: ರಟ್ಟು, ಸ್ಪಂಜು, ಅಂಟು, ತೆಳ್ಳಗೆ ಸೀಳಿದ ತೊಗಲು, ಒರಟು ಹೊಲಿಗೆ. ಲೈನಿಂಗ್ ಇಲ್ಲದ ಚೀಲದಲ್ಲಿ ತೊಗಲು ತಾನೇ ನಿಲ್ಲುವಷ್ಟು ದಪ್ಪವಿರಬೇಕು, ಒಳಗಿನ ಪ್ರತಿ ಹೊಲಿಗೆಯೂ ಕಣ್ಣಿಗೆ ಕಾಣುತ್ತದೆ. ಹತ್ತು ವರ್ಷ ಬೀರುವಿನಲ್ಲಿ ಬಿದ್ದ ರೆಕ್ಸಿನ್ ಲೈನಿಂಗಿನ ಚೀಲ ಏನಾಗುತ್ತದೆ ಎಂದು ನಮ್ಮ ಹೆಂಗಸರಿಗೆ ಹೇಳಿಕೊಡಬೇಕಿಲ್ಲ. ಒಳಗೆಲ್ಲ ಅಂಟಂಟು, ಉದುರುವ ಹೊಪ್ಪಳಿಕೆ. ಈ ಚೀಲದಲ್ಲಿ ಉದುರಲು ಏನೂ ಇಲ್ಲ.

ಆದರೆ ಬಣ್ಣವಿದೆ.

ಇಂಥ ತೊಗಲಿಗೆ ಬಣ್ಣ ಕೊಡುವುದು ಗೋಡೆಗೆ ಪೇಂಟ್ ಬಳಿದ ಹಾಗಲ್ಲ. ದೊಡ್ಡ ಉರುಳೆಯೊಳಗೆ ಬಣ್ಣದ ನೀರಿನೊಡನೆ ತೊಗಲನ್ನು ಉರುಳಿಸುತ್ತಾರೆ, ಬಣ್ಣ ನಾರಿನೊಳಕ್ಕೆ ಇಳಿಯುತ್ತದೆ. ಮೇಲೆ ದಪ್ಪ ಲೇಪವಿಲ್ಲದ್ದರಿಂದ ತೊಗಲಿನ ರಂಧ್ರ, ಗೆರೆ, ದನದ ಮೈಮೇಲಿದ್ದ ಮುಳ್ಳಿನ ಗೀರು ಎಲ್ಲ ಕಾಣುತ್ತವೆ. ಚೆಲುವೂ ಅದೇ, ತೊಂದರೆಯೂ ಅದೇ. ನಾರಿಗೆ ಗಟ್ಟಿಯಾಗಿ ಹಿಡಿಯದೆ ಉಳಿದ ಬಣ್ಣ ಉಜ್ಜಿದಾಗ, ಬೆವರು ತಾಗಿದಾಗ ಹೊರಗೆ ಬರುತ್ತದೆ. ಒಳಮೈಗಂತೂ ಯಾವ ಕಾಪೂ ಇಲ್ಲ. ಅಲ್ಲಿನ ಸುಂಕು ಪುಡಿಯಾಗಿ ಉದುರುತ್ತದೆ, ಪ್ರತಿ ಕಣದಲ್ಲೂ ಬಣ್ಣವಿರುತ್ತದೆ. ಬಿಳಿ ಕರ್ಚೀಫು, ಮದುವೆ ಕರೆಯೋಲೆ, ಚೆಕ್ ಪುಸ್ತಕ ಎಲ್ಲದರ ಅಂಚಿಗೂ ಅದು ಹತ್ತುತ್ತದೆ.

ನನ್ನ ಪಾಠ ದುಬಾರಿಯದಾಯಿತು. ಕೋಚ್ ಅಲ್ಲದ, ಗುರುತಿನ ಚೀಟಿಯೇ ಇಲ್ಲದ ಒಂದು ಹಳೆಯ ಕೆಂಪು ಚೀಲವನ್ನು ಹಳೇ ಸಾಮಾನಿನ ಸಂತೆಯಲ್ಲಿ ಕೊಂಡಿದ್ದೆ. ಅದೂ ಲೈನಿಂಗ್ ಇಲ್ಲದ್ದೇ. ಮೇ ತಿಂಗಳ ಒಂದು ಮದುವೆಗೆ ಕೆನೆ ಬಣ್ಣದ ರೇಷ್ಮೆ ಸೀರೆಯುಟ್ಟು ಆ ಚೀಲವನ್ನು ಕಂಕುಳಲ್ಲಿ ಅವುಚಿಕೊಂಡು ನಿಂತೆ. ಛತ್ರದಲ್ಲಿ ಸೆಕೆ. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಸೊಂಟದ ಬಳಿ ಕುಂಕುಮದ ನೀರು ಚೆಲ್ಲಿದ ಹಾಗೆ ಕಲೆ. ನೀರು ಹಚ್ಚಿ ಉಜ್ಜಿದೆ, ಇನ್ನಷ್ಟು ಹರಡಿತು. ಡ್ರೈಕ್ಲೀನಿಂಗಿಗೆ ಕೊಟ್ಟರೆ ತೆಳುವಾಯಿತು, ಹೋಗಲಿಲ್ಲ. ಅದೇ ದಿನ ಕುಪ್ಪಸದ ಹತ್ತಿಯ ಒಳಬಟ್ಟೆಗೆ ತಾಗಿದ್ದ ಕೆಂಪು ಮಾತ್ರ ಎರಡು ಒಗೆತಕ್ಕೆ ಹೊರಟುಹೋಯಿತು.

ಈ ವ್ಯತ್ಯಾಸಕ್ಕೆ ಕಾರಣ ತಿಳಿದಾಗ ನನಗೆ ನಿಜಕ್ಕೂ ಬೆರಗಾಯಿತು. ರೇಷ್ಮೆಯೂ ತೊಗಲೂ ಒಂದೇ ಜಾತಿಯವು. ರೇಷ್ಮೆ ಹುಳುವಿನ ನೂಲೂ ದನದ ಚರ್ಮವೂ ಪ್ರೋಟೀನು. ಎರಡಕ್ಕೂ ಬಣ್ಣ ಕೊಡಲು ಹೆಚ್ಚಾಗಿ ಬಳಸುವುದು ಆಸಿಡ್ ಬಣ್ಣಗಳೆಂಬ ಒಂದೇ ಗುಂಪಿನವು. ಹತ್ತಿಯ ನಾರು ಬೇರೆ, ಅದು ಸೆಲ್ಯುಲೋಸು. ಆಸಿಡ್ ಬಣ್ಣಕ್ಕೂ ಹತ್ತಿಗೂ ಅಷ್ಟು ನಂಟಿಲ್ಲ. ಹೀಗಾಗಿ ಚೀಲ ಬಿಟ್ಟ ಬಣ್ಣವನ್ನು ಹತ್ತಿ ಬಟ್ಟೆ ಬೇಗ ಬಿಟ್ಟುಕೊಟ್ಟರೆ ರೇಷ್ಮೆ ಮನೆಗೆ ಬಂದ ನೆಂಟನಂತೆ ಒಳಗೆ ಕರೆದುಕೊಳ್ಳುತ್ತದೆ. ಅಮೆರಿಕದ ಚೀಲಪ್ರಿಯರು ಜೀನ್ಸಿನ ಬಗ್ಗೆ ಚಿಂತಿಸಿದಷ್ಟು ರೇಷ್ಮೆಯ ಬಗ್ಗೆ ಚಿಂತಿಸಬೇಕಿಲ್ಲ. ನಾವು ಚಿಂತಿಸಬೇಕು. ಹಳೆಯ ಕೆಂಪು, ಕಡುನೀಲಿ, ಕಪ್ಪು ಚೀಲಗಳನ್ನು ರೇಷ್ಮೆ ಸೀರೆಯ ಜೊತೆ ಒಯ್ಯಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕಲೆ ಆಗಿಯೇಬಿಟ್ಟರೆ ಉಜ್ಜಬೇಡಿ, ಬಿಸಿನೀರು ಹಾಕಬೇಡಿ, ಇಸ್ತ್ರಿ ತಾಗಿಸಬೇಡಿ. ಬಿಸಿಗೆ ಬಣ್ಣ ಇನ್ನೂ ಗಟ್ಟಿಯಾಗಿ ಕೂರುತ್ತದೆ.

ಚೀಲ ಬಣ್ಣ ಬಿಡುತ್ತದೋ ಇಲ್ಲವೋ ನೋಡಲು ಕಾರ್ಖಾನೆಗಳಲ್ಲಿ ಒಂದು ಉಪಕರಣವಿದೆ. ಬಿಳಿ ಹತ್ತಿ ಬಟ್ಟೆ ಸುತ್ತಿದ ಕಡ್ಡಿ ನಿಗದಿತ ಭಾರದಲ್ಲಿ ಹಿಂದೆ ಮುಂದೆ ಉಜ್ಜುತ್ತದೆ, ಒಮ್ಮೆ ಒಣದಾಗಿ, ಒಮ್ಮೆ ಒದ್ದೆಯಾಗಿ. ಬಟ್ಟೆಗೆ ಹತ್ತಿದ ಬಣ್ಣವನ್ನು ಬೂದುಬಣ್ಣದ ಪಟ್ಟಿಯೊಂದಕ್ಕೆ ಹೋಲಿಸಿ 1ರಿಂದ 5ರ ತನಕ ಅಂಕ ಕೊಡುತ್ತಾರೆ. 5 ಎಂದರೆ ಬಣ್ಣವೇ ಹತ್ತಿಲ್ಲ. ಮನೆಯಲ್ಲಿ ಇದನ್ನೇ ಹಳೆಯ ಬಿಳಿ ಪಂಚೆಯ ತುಂಡಿನಲ್ಲಿ ಮಾಡಬಹುದು. ಚೀಲದ ತಳದ ಮೂಲೆಯಲ್ಲಿ ಒಣಬಟ್ಟೆಯಿಂದ ಹತ್ತು ಸಲ, ಆಮೇಲೆ ಒದ್ದೆ ಹಿಂಡಿದ ಬಟ್ಟೆಯಿಂದ ಹತ್ತು ಸಲ ಉಜ್ಜಿ ನೋಡಿ. ಒಣಬಟ್ಟೆಗೇ ಢಾಳಾಗಿ ಬಣ್ಣ ಬಂದರೆ ಆ ಚೀಲವನ್ನು ಗಾಢ ಬಣ್ಣದ ಬಟ್ಟೆಗೆ ಮೀಸಲಿಡಿ.

ಇನ್ನು ತೊಳೆಯುವ ವಿಷಯ. ತೊಗಲಿನ ಚೀಲವನ್ನು ಬಕೆಟ್ಟಿನಲ್ಲಿ ಮುಳುಗಿಸುವುದೇ ಎಂದು ನಾನು ಗಾಬರಿಯಾಗಿದ್ದೆ. "ತೊಳಿ ಧೈರ್ಯವಾಗಿ, ನಾವೆಲ್ಲ ಅಲ್ಲಿ ಹಂಗೇ ಮಾಡೋದು" ಎಂದರು ಚಿಕ್ಕಮ್ಮ. ಹಳೆಯ ಕೋಚ್ ಇಟ್ಟುಕೊಂಡವರಲ್ಲಿ ಇದು ನಿಜಕ್ಕೂ ರೂಢಿಯಲ್ಲಿರುವ ಕ್ರಮ, ಅದು ಸಾಧ್ಯವಾಗುವುದೂ ಲೈನಿಂಗ್ ಇಲ್ಲದ ಕಾರಣಕ್ಕೇ. ನೆನೆದು ಹಾಳಾಗಲು ಒಳಗೆ ರಟ್ಟಿಲ್ಲ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರಾವಣ ಕೆಲವೇ ಹನಿ. ಚೀಲ ಮುಳುಗಿದ ಐದೇ ನಿಮಿಷಕ್ಕೆ ನೀರು ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತು. ಕೊಳೆ ಅರ್ಧ, ಸಡಿಲ ಬಣ್ಣ ಅರ್ಧ. ಮೃದುವಾದ ಬ್ರಷ್ಷಿನಿಂದ ಒಳಮೈಯ ಸುಂಕನ್ನು ಉಜ್ಜಿ, ನೀರು ಬದಲಿಸಿ ತೊಳೆದು, ಬಿಳಿ ಟವೆಲ್ಲು ತುಂಬಿ ಆಕಾರಕ್ಕೆ ತಂದು, ಫ್ಯಾನಿನ ಗಾಳಿ ಮೆಲ್ಲಗೆ ಬೀಳುವ ನೆರಳಲ್ಲಿಟ್ಟೆ. ಎರಡು ದಿನ ಹಿಡಿಯಿತು. ಬಿಸಿಲಿಗಿಟ್ಟರೆ ತೊಗಲು ಹಪ್ಪಳವಾಗುತ್ತದೆ. ಇನ್ನೂ ಸ್ವಲ್ಪ ಪಸೆ ಇರುವಾಗಲೇ ತೊಗಲಿಗೆಂದೇ ಸಿಗುವ ಕಂಡಿಷನರ್ ತೆಳ್ಳಗೆ ಸವರಿ, ಮಾರನೆಯ ದಿನ ಒಣಬಟ್ಟೆಯಲ್ಲಿ ಒರೆಸಿ ಹೆಚ್ಚಿನದನ್ನು ತೆಗೆದೆ.

ಎರಡು ಬಣ್ಣದ ಚೀಲವನ್ನು ಮಾತ್ರ ಹೀಗೆ ಮುಳುಗಿಸಬಾರದು, ಒಂದರದು ಇನ್ನೊಂದಕ್ಕೆ ಹತ್ತುತ್ತದೆ. ರಟ್ಟು, ಅಂಟು ಇರುವ ಚೀಲವನ್ನೂ ಹಾಗೇ. ಬಟ್ಟೆ ಸೋಪು ಬೇಡವೇ ಬೇಡ. ತೊಗಲು ಸ್ವಭಾವತಃ ತುಸು ಆಮ್ಲೀಯ. ಸೋಪಿನ ಕ್ಷಾರ ತಾಗಿದರೆ ನಾರು ಹಿಡಿದಿಟ್ಟುಕೊಂಡ ಬಣ್ಣವೂ ಸಡಿಲಾಗುತ್ತದೆ. ಕೊಬ್ಬರಿ ಎಣ್ಣೆ ನಮ್ಮ ಮನೆಗಳಲ್ಲಿ ಸರ್ವರೋಗಕ್ಕೂ ಮದ್ದು, ಆದರೆ ಚೀಲದ ಮೇಲೆ ಕಪ್ಪು ಕಲೆ ಬಿಟ್ಟು ಕ್ರಮೇಣ ಕಮಟಾಗುತ್ತದೆ. ಬೂಟ್ ಪಾಲಿಶ್ ಹಚ್ಚಿಸುವವರನ್ನೂ ಕಂಡಿದ್ದೇನೆ. ಅದು ಬಣ್ಣ ಬೆರೆತ ಮೇಣ, ನೇರವಾಗಿ ಸೀರೆಗೇ ಬರುತ್ತದೆ. ಬಿಟ್ಟ ಹೊಲಿಗೆಯನ್ನು ಬೀದಿ ಬದಿಯಲ್ಲಿ ಕೂರುವ ನುರಿತ ಕುಶಲಕರ್ಮಿಗಳ ಕೈಗೆ ಧಾರಾಳವಾಗಿ ಕೊಡಿ, ಅವರಷ್ಟು ಚೆನ್ನಾಗಿ ದಪ್ಪ ತೊಗಲು ಹೊಲಿಯುವವರು ಸಿಗುವುದಿಲ್ಲ. ಪಾಲಿಶ್ ಬೇಡ ಎಂದು ಮಾತ್ರ ಮೊದಲೇ ಹೇಳಿ.

ಇಷ್ಟೆಲ್ಲ ಆದರೂ ಚಿಕ್ಕಮ್ಮನ ಚೀಲದ ಬೆನ್ನಿನ ನೀಲಿ ಹೋಗಲಿಲ್ಲ. ಹೋಗುವುದಿಲ್ಲ ಕೂಡ. ಜೀನ್ಸಿನ ಇಂಡಿಗೊ ನೀರಿನಲ್ಲಿ ಕರಗದ ಬಣ್ಣ. ನೂಲಿನ ತಿರುಳಿಗೆ ಇಳಿಯದೆ ಸುತ್ತ ಉಂಗುರದಂತೆ ಹೊರಗೇ ಕೂತಿರುತ್ತದೆ. ಜೀನ್ಸಿನ ಮಂಡಿ, ತೊಡೆ ಬೆಳ್ಳಗಾಗುವುದು ಆ ಉಂಗುರ ಸವೆಯುವುದರಿಂದಲೇ, ಜನ ಅದನ್ನು ಮೆಚ್ಚಿ ಕೊಳ್ಳುತ್ತಾರೆ. ಹಾಗೆ ಸವೆದ ನೀಲಿ ಎಲ್ಲಿಗಾದರೂ ಹೋಗಬೇಕಲ್ಲ? ಸೊಂಟದ ಪಕ್ಕ ದಿನವೂ ಉಜ್ಜುವ ಚೀಲದ ರಂಧ್ರಗಳಿಗೆ ಹೋಗುತ್ತದೆ. ಹೊಸತಾಗಿ ಹತ್ತಿದ್ದಾದರೆ ಒದ್ದೆ ಬಟ್ಟೆಯಲ್ಲಿ ಮೆತ್ತಗೆ ಒರೆಸಿ ಒಂದಷ್ಟು ತೆಗೆಯಬಹುದು. ಹಳತಾದದ್ದಕ್ಕೆ ಉಗುರುಬಣ್ಣ ತೆಗೆಯುವ ದ್ರವವನ್ನೋ ಸ್ಪಿರಿಟ್ಟನ್ನೋ ಹಚ್ಚಿದರೆ ನೀಲಿಯ ಜೊತೆ ತೊಗಲಿನ ಸ್ವಂತ ಬಣ್ಣವೂ ಕಿತ್ತುಬಂದು ಬಿಳಿಚಿದ ಗಾಯ ಉಳಿಯುತ್ತದೆ. ಮೇಲೆ ಬೇರೆ ಬಣ್ಣ ಬಳಿಸುವವರಿದ್ದಾರೆ. ನನಗದು ಸಮ್ಮತವಲ್ಲ. ತೊಗಲು ಕಾಣಲೆಂದೇ ಮಾಡಿದ ಚೀಲದ ಮೇಲೆ ಪೇಂಟಿನ ಪೊರೆ ಹೊದಿಸಿದರೆ ಉಳಿಯುವುದೇನು? ಚಿಕ್ಕಮ್ಮ ಅದೇ ಜೀನ್ಸ್ ತೊಟ್ಟು, ಚಳಿಯಲ್ಲಿ ರೈಲು ಹಿಡಿದು, ಕೆಲಸ ಮಾಡಿ ಬದುಕು ಕಟ್ಟಿದ ವರ್ಷಗಳು ಆ ನೀಲಿಯಲ್ಲಿವೆ. ಅದು ಅಲ್ಲೇ ಇರಲಿ.

ಬಣ್ಣ ಬಿಡುವ ತೊಗಲು ನಮಗೇನೂ ಹೊಸತಲ್ಲ. ಅಥಣಿ, ನಿಪ್ಪಾಣಿ ಕಡೆಯ ಚಪ್ಪಲಿಯನ್ನು ಹೊಸದಾಗಿ ಮೆಟ್ಟಿದವರ ಪಾದ ಮೊದಲ ವಾರ ಕಂದು ಬಣ್ಣಕ್ಕೆ ತಿರುಗುವುದು ಎಲ್ಲರಿಗೂ ಗೊತ್ತು. ಕೊಲ್ಹಾಪುರಿ ಎಂಬ ಹೆಸರಿನಲ್ಲಿ ಭೌಗೋಳಿಕ ಗುರುತು ಪಡೆದ ಆ ಚಪ್ಪಲಿಯ ಎಂಟು ಜಿಲ್ಲೆಗಳಲ್ಲಿ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಈ ನಾಲ್ಕು ನಮ್ಮವು. ಅಲ್ಲೂ ತೊಗಲಿನ ಮೇಲೆ ಮುಸುಕಿಲ್ಲ. ಪಾದಕ್ಕೆ ಹತ್ತಿದ ಕಂದನ್ನು ನಾವು ಯಾರೂ ದೋಷ ಎನ್ನಲಿಲ್ಲ, ಚಪ್ಪಲಿ ಹೊಸದು ಎಂದೆವು.

ಚೀಲ ಇಡುವ ಜಾಗದಲ್ಲೇ ಅರ್ಧ ತೊಂದರೆ ಹುಟ್ಟುತ್ತದೆ. ಎರಡು ಬಣ್ಣದ ಚೀಲಗಳನ್ನು ಮೈ ತಾಗಿಸಿ ಇಡಬೇಡಿ. ಆಕಾರಕ್ಕೆಂದು ಸುದ್ದಿಪತ್ರಿಕೆ ತುರುಕಬೇಡಿ, ಅದರ ಮಸಿಯೂ ಹತ್ತುತ್ತದೆ. ಬಿಳಿ ಪಂಚೆಯ ತುಂಡಿನಲ್ಲಿ ಸುತ್ತಿ, ಗಾಳಿಯಾಡುವ ಕಡೆ ಇಡಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಬೂಸ್ಟು ಹಿಡಿಯುವುದಲ್ಲದೆ, ಮೆತ್ತನೆಯ ಪ್ಲಾಸ್ಟಿಕ್ಕು ತೊಗಲಿನ ಬಣ್ಣವನ್ನೇ ಎಳೆದುಕೊಳ್ಳುತ್ತದೆ. ಅಕ್ಕನೋ ಅತ್ತೆಯೋ ಕೊಟ್ಟ ಇಂಥದೊಂದು ಚೀಲ ನಿಮ್ಮ ಬೀರುವಿನ ಮೇಲೆ ಕವರಿನೊಳಗೆ ಕೂತಿದ್ದರೆ, ಮಳೆಗಾಲ ಹಿಡಿಯುವ ಮೊದಲೇ ಅದನ್ನು ಹೊರಗೆ ತೆಗೆಯಿರಿ.